ಪಂಡಿತಾ ರಮಾಬಾಯಿಯವರ ಶಾಸ್ತ್ರವ್ಯಾಸಂಗ

ಬೀದರ, ಭಾಲ್ಕಿ, ಔರಾದ ಪ್ರಾಂತದ ನಮ್ಮ ವಾಚಕರು ಕನ್ನಡ ಮರಾಠಿಗಳೆರಡನ್ನೂ ಒಂದೇ ಪಡಸಾಲೆಯಲ್ಲಿ ಆಡತಕ್ಕವರು. ಹುಟ್ಟಿನಿಂದ ಕನ್ನಡ ಸೀಮೆಗೂ ಲೇಖನಿಯಿಂದ ಮರಾಠಿಗೂ ಸೇರಿದ ಪಂಡಿತಾ ರಮಾಬಾಯಿಯವರ ಚರಿತ್ರವನ್ನು ಅವರ ಮುಂದಿಡಲು ಬೇರೆ ಪೀಠಿಕೆ ಬೇಕಿಲ್ಲ. ನಮಗಿರುವ ಸಂಕೋಚವು ಬೇರೆಯದು. ಸ್ವದೇಶಾಭಿಮಾನದ ಪತ್ರಿಕೆಗಳವರು ಈ ವಿದುಷಿಯನ್ನು ಮತಾಂತರವೆಂಬ ಒಂದೇ ಮಾತಿನಿಂದ ಅಳೆದು ಬದಿಗಿರಿಸಿದ್ದುಂಟು. ಆಕೆ ಏನನ್ನು ಓದಿದರು, ಹೇಗೆ ಓದಿದರು ಎಂದು ವಿಚಾರಿಸಿದವರು ವಿರಳ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಊರಿನ ಚಿತ್ಪಾವನ ಪಂಡಿತರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ವಿದ್ವಾಂಸರ ಸಭೆಗೆ ಉತ್ತರ ಕೊಡಬೇಕಾಯಿತು. ಶಾಸ್ತ್ರವಚನಗಳಿಂದಲೇ ತಮ್ಮ ನಡೆಯನ್ನು ಸಮರ್ಥಿಸಿಕೊಂಡ ಶಾಸ್ತ್ರಿಗಳು ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. 1858ನೆಯ ಎಪ್ರಿಲ್ 23ರಂದು ರಮಾಬಾಯಿ ಅಲ್ಲಿ ಜನಿಸಿದರು. ಪುರಾಣಗಳನ್ನು ಕಲಿತದ್ದು ತಾಯಿಯ ಬಾಯಿಂದ. 1874ರಲ್ಲಿ ತಂದೆತಾಯಿಗಳು ಹಸಿವು ಬಡತನಗಳ ನಡುವೆ ತೀರಿಹೋದ ಮೇಲೆ ಅಣ್ಣ ಶ್ರೀನಿವಾಸನೊಡನೆ ದೇಶವನ್ನೆಲ್ಲ ನಡೆದು 1878ರಲ್ಲಿ ಕಲಕತ್ತೆಗೆ ಬಂದರು. ಅಲ್ಲಿಯ ಪಂಡಿತರು ಸರಸ್ವತೀ ಎಂಬ ಬಿರುದನ್ನಿತ್ತರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತರು. ಧರ್ಮಶಾಸ್ತ್ರಗಳು ನೂರು ವಿಷಯಗಳಲ್ಲಿ ಭಿನ್ನವಾದರೂ ಹೆಂಗಸನ್ನು ಕೀಳುಗಳೆಯುವದರಲ್ಲಿ ಏಕಮತವಾಗಿವೆಯೆಂದು ಆಕೆಗೆ ಕಂಡದ್ದು ಈ ವ್ಯಾಸಂಗದ ಕಾಲದಲ್ಲಿಯೇ.

1880ರಲ್ಲಿ ಅಣ್ಣನು ತೀರಿದನು. ಅದೇ ವರ್ಷ ಬಂಗಾಲಿ ವಕೀಲ ಬಿಪಿನ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. ಸಿಲ್ಚರಿನ ಮನೆಯ ಪುಸ್ತಕಗಳ ನಡುವೆ ಬಂಗಾಲಿಯಲ್ಲಿದ್ದ ಲೂಕನ ಸುವಾರ್ತೆ ಕೈಗೆ ಸಿಕ್ಕಿತು. ಕುತೂಹಲದಿಂದ ಓದಿದರು, ಅಷ್ಟೆ. 1882ರಲ್ಲಿ ಪತಿಯು ವಾಂತಿಭೇದಿಯಿಂದ ಮೃತನಾದನು. ಹಸುಗೂಸು ಮನೋರಮೆಯೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಮರುವರ್ಷ ವಿಲಾಯತಿಗೆ ಹೊರಟರು. 1883ರ ಸಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು.

ನಮ್ಮವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆದರೆ ನಿಜವಾದ ಓದು ಇಲ್ಲಿಂದ ಮೊದಲಾಯಿತು. ದೀಕ್ಷೆ ಕೊಟ್ಟ ಮಠದ ಸೋದರಿ ಜೆರಾಲ್ಡೀನರು ತ್ರಿತ್ವವನ್ನೂ ಚರ್ಚಿನ ವಿಶ್ವಾಸಸೂತ್ರಗಳನ್ನೂ ಪ್ರಶ್ನಿಸದೆ ಒಪ್ಪಬೇಕೆಂದರೆ, ಈಕೆ ಅವು ಬೈಬಲ್ಲಿನಲ್ಲಿ ಎಲ್ಲಿವೆಯೆಂದು ಕೇಳಿದರು. ಒಂದು ಪುರೋಹಿತವರ್ಗದ ನೊಗವನ್ನು ಕಳಚಿ ಬಂದವಳು ಇನ್ನೊಂದಕ್ಕೆ ಹೆಗಲು ಕೊಡಲಾರೆನೆಂಬುದು ಆ ಪತ್ರವ್ಯವಹಾರದ ಸಾರ. ಶಾಕಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲೆ ತನ್ನ ಜನರಿಗೆ ತಿಳಿಯದ ಲ್ಯಾಟಿನ್ ಏತಕ್ಕೆ, ಸಂಸ್ಕೃತವೇಕಾಗದು ಎಂದು ವಾದಿಸಿದರು. ಹೊರಗೆ ಉರ್ದು ಫಲಕವನ್ನು ತೂಗಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರನ್ನು ಬಲ್ಲ ನಮ್ಮ ಜನಕ್ಕೆ ಈ ಹಟವನ್ನು ವಿವರಿಸಬೇಕಾದುದಿಲ್ಲ. ದೇಶಾಭಿಮಾನದ ಪರೀಕ್ಷೆಯಲ್ಲಿ ಈಕೆ ನಪಾಸಾದರೆಂದು ಯಾರು ಹೇಳಬಲ್ಲರು?

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಬಂದಿತು. ಅಲ್ಲಿ ಮತಬೋಧೆಯಿಲ್ಲವೆಂದು ನಂಬಿಕೆ ಕೊಡಲಾಗಿತ್ತು. ಆದರೆ ಆಕೆ ಕೋಣೆಯ ಬಾಗಿಲನ್ನು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕೂಡುತ್ತಿದ್ದರು. ಟಿಳಕರ ಕೇಸರಿಯು ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾಸಮಿತಿಯನ್ನು ಬಿಟ್ಟರು. ಪಾಲಕರ ಕಳವಳವು ನಿರಾಧಾರವಾದುದಲ್ಲವೆಂದು ನಾವು ಒಪ್ಪುತ್ತೇವೆ: ಆಶ್ರಯ ಕೊಟ್ಟವರ ಪ್ರಾರ್ಥನೆಗೆ ಆಶ್ರಿತರು ಬೇಡವೆನ್ನುವದು ಸುಲಭವಲ್ಲ. ಆದರೆ ಆ ವಿಧವೆಯರಿಗಾಗಿ ಟೀಕಾಕಾರರಲ್ಲಿ ಎಷ್ಟು ಮಂದಿ ತಮ್ಮ ಬಾಗಿಲನ್ನು ತೆರೆದಿದ್ದರು? 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವದ ಮುಕ್ತಿಸದನದಲ್ಲಿ ಸಾಕಿದವರು ಈಕೆಯೇ. 1912ರಲ್ಲಿ ನಿಜಾಮರ ಆಳಿಕೆಗೆ ಸೇರಿದ್ದ ನಮ್ಮ ನೆರೆಯ ಗುಲಬರ್ಗೆಯಲ್ಲಿಯೂ ಶಾಲೆಯೊಂದನ್ನು ತೆರೆದು ಮನೋರಮೆಯ ಕೈಗೊಪ್ಪಿಸಿದರು.

ಕೊನೆಯ ವರ್ಷಗಳು ಪೂರ್ತಿಯಾಗಿ ಗ್ರಂಥಕ್ಕೆ ಸಂದವು. ಇದ್ದ ಮರಾಠಿ ಬೈಬಲ್ಲು ಪಂಡಿತರ ಭಾಷೆಯದಾಗಿ ಹಳ್ಳಿಯ ಹೆಂಗಸರಿಗೆ ತಿಳಿಯದೆಂದು, ಹೀಬ್ರೂ ಗ್ರೀಕುಗಳನ್ನು ಕಲಿತು ಮೂಲದಿಂದಲೇ ಸುಲಭ ಮರಾಠಿಗೆ ತರಲು ಕುಳಿತರು. ಸಂಸ್ಕೃತಪಾಂಡಿತ್ಯಕ್ಕಾಗಿ ಬಿರುದು ಪಡೆದ ಕೈಯೇ ಸಂಸ್ಕೃತದ ಮಾತುಗಳನ್ನು ಹೊಡೆದುಹಾಕಿತು! 1921ರಲ್ಲಿ ಮನೋರಮೆ ತಾಯಿಗಿಂತ ಮೊದಲೇ ತೀರಿಹೋದರು. ಕಿವಿ ಕೇಳಿಸದಿದ್ದ ವೃದ್ಧೆ ಕೆಲಸವನ್ನು ನಿಲ್ಲಿಸಲಿಲ್ಲ. ಕೈಬರಹವನ್ನು ಮುಗಿಸಿ 1922ರ ಎಪ್ರಿಲ್ 5ರಂದು ಕಣ್ಣುಮುಚ್ಚಿದರು. 1924ರಲ್ಲಿ ಆ ಗ್ರಂಥವು ಮುಕ್ತಿಸದನದ ಮುದ್ರಣಾಲಯದಿಂದ ಹೊರಬಿದ್ದಿತು. ಅದರ ಅಚ್ಚುಮೊಳೆಗಳನ್ನು ಜೋಡಿಸಿದವರು ಅಲ್ಲಿಯೇ ಅಕ್ಷರ ಕಲಿತ ಹೆಣ್ಣುಮಕ್ಕಳು.