ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (1886–1965) ಆಧುನಿಕ ಕರ್ನಾಟಕದ ಹೆಸರಾಂತ ಚಿತ್ರಕಲಾವಿದರು. ಜಲವರ್ಣ ಚಿತ್ರಣ, ಗಚ್ಚಿನ ಉಬ್ಬುಶಿಲ್ಪ ಮತ್ತು ವೀಣಾವಾದನ ಈ ಮೂರರಲ್ಲೂ ಪರಿಣತರಾಗಿದ್ದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆಗೆ ಇವರ ಹೆಸರನ್ನಿಡಲಾಗಿದೆ.

ಮನೆತನ

ವೆಂಕಟಪ್ಪನವರು ಜನಿಸಿದ್ದು ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ. ಅಂತಹ ಕುಟುಂಬಗಳಲ್ಲಿ ಮನೆಯೇ ಕಾರ್ಯಾಗಾರವಾಗಿತ್ತು. ಬಣ್ಣ ಅರೆಯುವುದು, ಕುಂಚ ಕಟ್ಟುವುದು, ಮಕ್ಕು ಸಿದ್ಧಪಡಿಸಿ ಆಭರಣಗಳ ರೇಖೆಗಳನ್ನು ಉಬ್ಬಿಸುವುದು, ಅದರ ಮೇಲೆ ಚಿನ್ನದ ರೇಕು ಅಂಟಿಸುವುದು ಮೊದಲಾದ ಕೆಲಸಗಳನ್ನು ಮಕ್ಕಳು ಹಿರಿಯರ ಬಳಿ ಕುಳಿತು ಕಲಿಯುತ್ತಿದ್ದರು. ಸಾಮಗ್ರಿಯ ಬಗೆಗಿನ ಎಚ್ಚರ ಮತ್ತು ಸೂಕ್ಷ್ಮ ಕೈಗೆಲಸ ವೆಂಕಟಪ್ಪನವರ ಎಲ್ಲ ಕೃತಿಗಳಲ್ಲೂ ಉಳಿದುಬಂದ ಗುಣಗಳು.

ಶಿಕ್ಷಣ

ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಇವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ತೆರಳಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಇವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಇಂಗ್ಲಿಷ್ ಗ್ರಂಥಕ್ಕೆ ಚಿತ್ರ ಬರೆದ ಕಲಾವಿದರಲ್ಲಿ ಇವರೂ ಒಬ್ಬರು.

ಕಲಾಸಾಧನೆ

ಊರಿಗೆ ಮರಳಿದ ಮೇಲೆ ಪೌರಾಣಿಕ ವಸ್ತುಗಳಿಂದ ನಿಸರ್ಗದೃಶ್ಯಗಳ ಕಡೆಗೆ ತಿರುಗಿದರು. ಊಟಿ ಮತ್ತು ಕೊಡೈಕೆನಾಲ್ ಬೆಟ್ಟಗಳ ಮಂಜು, ಮುಂಗಾರಿನ ಮೋಡ, ಬೆಳದಿಂಗಳು ಇವುಗಳನ್ನು ಚಿತ್ರಿಸಿದ ಜಲವರ್ಣ ಮಾಲಿಕೆ ಇವರ ಶ್ರೇಷ್ಠ ಕೃತಿಗಳಲ್ಲಿ ಪರಿಗಣಿತವಾಗಿದೆ.

ಪ್ರಸಿದ್ಧ ವೈಣಿಕ ವೀಣೆ ಶೇಷಣ್ಣನವರಲ್ಲಿ ಇವರು ವೀಣೆ ಕಲಿತರು. ಈ ಅಭ್ಯಾಸ ಕುಂಚದ ಕೆಲಸಕ್ಕೆ ಪೈಪೋಟಿಯಾಗುವಷ್ಟು ಬೆಳೆಯಿತು. ತಮ್ಮ ವೀಣೆಯ ಗೀಳನ್ನೇ ವಸ್ತುವಾಗಿಸಿಕೊಂಡು ಇವರು ಒಂದು ಚಿತ್ರವನ್ನೂ ಬರೆದಿದ್ದಾರೆ. ಮೈಸೂರು ಅರಮನೆಗಾಗಿ ಗಚ್ಚಿನ ಉಬ್ಬುಶಿಲ್ಪಗಳನ್ನು ರಚಿಸಿದರು. ಶಕುಂತಲೆಯ ಬೀಳ್ಕೊಡುಗೆ ಇವರು ಆ ಮಾಧ್ಯಮದಲ್ಲಿ ಆರಿಸಿಕೊಂಡ ವಸ್ತುಗಳಲ್ಲಿ ಒಂದು.

ಜೀವನಕ್ರಮ ಮತ್ತು ಕೊನೆಯ ವರ್ಷಗಳು

ವೆಂಕಟಪ್ಪನವರು ಅವಿವಾಹಿತರಾಗಿಯೇ ಉಳಿದರು. ಕಲೆಯನ್ನು ವ್ರತವೆಂದು ಬಗೆದು ಕಟ್ಟುನಿಟ್ಟಿನ ಬದುಕು ನಡೆಸಿದರು. ತಪ್ಪದೆ ದಿನಚರಿ ಬರೆಯುತ್ತಿದ್ದರು. ತುಂಬು ಕುಟುಂಬದಲ್ಲಿ ಹಂಚಿಕೊಂಡು ನಡೆಯುತ್ತಿದ್ದ ಕಸುಬು ಇವರ ಪಾಲಿಗೆ ಏಕಾಂತದ ಸಾಧನೆಯಾಯಿತು.

1940ರಲ್ಲಿ ನಾಲ್ವಡಿಯವರು ನಿಧನರಾದಾಗ ಇವರ ಮುಖ್ಯ ಆಶ್ರಯ ತಪ್ಪಿತು. ಅರಮನೆಗಾಗಿ ಮಾಡಿದ ಕೆಲಸದ ಕುರಿತ ವಿವಾದ ನ್ಯಾಯಾಲಯದವರೆಗೂ ಹೋಯಿತು. ರಾಜಾಶ್ರಯದಲ್ಲಿ ಬೆಳೆದ ಕಲಾವಿದನೊಬ್ಬ ತನ್ನ ದುಡಿಮೆಯ ಹಕ್ಕನ್ನು ಕಾನೂನಿನ ಮೂಲಕ ಕೇಳಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಇವರು 1965ರಲ್ಲಿ ನಿಧನರಾದರು.

ಸ್ಮರಣೆ

1970ರ ದಶಕದಲ್ಲಿ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ವೆಂಕಟಪ್ಪ ಚಿತ್ರಶಾಲೆ ಆರಂಭವಾಯಿತು. ಇವರ ಜಲವರ್ಣ ಚಿತ್ರಗಳು ಮತ್ತು ಉಬ್ಬುಶಿಲ್ಪಗಳು ಅಲ್ಲಿವೆ. ಕೆ. ಕೆ. ಹೆಬ್ಬಾರರ ಚಿತ್ರಗಳ ಸಂಗ್ರಹವೂ ಅಲ್ಲಿದೆ. ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಅಲ್ಲಿನ ಸಭಾಂಗಣಗಳಲ್ಲಿ ಅನೇಕ ಯುವ ಕಲಾವಿದರು ತಮ್ಮ ಮೊದಲ ಪ್ರದರ್ಶನ ನಡೆಸಿದ್ದಾರೆ. ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಪ್ರಸ್ತಾಪ ಬಂದಾಗ, 2016ರಲ್ಲಿ ಬೆಂಗಳೂರಿನ ಕಲಾವಿದರು ಒಗ್ಗೂಡಿ ಅದನ್ನು ವಿರೋಧಿಸಿದರು.