ಕಲ್ಲಿನ ಹಾದಿಯ ಪಥಿಕ: ರಾಬರ್ಟ್ ಬ್ರೂಸ್ ಫೂಟ್

ಕೂಡ್ಲಿಗಿಯಿಂದ ಸಂಡೂರಿಗೆ ಬೈಸಿಕಲ್ಲಿನ ಮೇಲೆ ಹೊರಟವನಿಗೆ ಮೊದಲು ಅನುಭವಕ್ಕೆ ಬರುವುದು ನೆಲದ ಬದಲಾವಣೆ. ಕೂಡ್ಲಿಗಿಯ ಸೀಮೆಯಲ್ಲಿ ಯಾರೋ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಮರೆತು ಹೋದಂತೆ ಕಾಣುವ ಗ್ರಾನೈಟ್ ಗುಡ್ಡಗಳು. ಈಶಾನ್ಯಕ್ಕೆ ಸಾಗಿದಂತೆ ಆ ಗುಂಡುಗಳು ಹಿಂದೆ ಉಳಿಯುತ್ತವೆ. ನೆತ್ತಿ ಸಮನಾಗಿ, ಉದ್ದಕ್ಕೂ ಗೋಡೆಯಂತೆ ನಿಂತ ಕಪ್ಪು ಬೆಟ್ಟದ ಸಾಲು ಎದುರಾಗುತ್ತದೆ. ರಸ್ತೆಯ ಮಣ್ಣು ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಎತ್ತಿನಹಟ್ಟಿಯ ಕಣಿವೆಯನ್ನು ದಾಟಿ ಒಳಹೊಕ್ಕರೆ, ಸುತ್ತಲೂ ಕಾಡು ಹೊದ್ದ ಬೆಟ್ಟಗಳ ನಡುವೆ ತೊಟ್ಟಿಲಿನಂತಹ ಸಂಡೂರಿನ ಬಯಲು. ನಾರಿಹಳ್ಳವು ಈ ಗೋಡೆಯನ್ನು ಓಬಳಗಂಡಿಯಲ್ಲಿ ಸೀಳಿಕೊಂಡು ಒಳಗೆ ಬರುತ್ತದೆ, ಭೀಮಗಂಡಿಯಲ್ಲಿ ಸೀಳಿಕೊಂಡು ಹೊರಗೆ ಹೋಗುತ್ತದೆ. ಅಂಥ ಇಕ್ಕಟ್ಟಿನ ಕಮರಿಗೆ ನಮ್ಮ ಜನ ಗಂಡಿ ಎಂಬ ಚಿಕ್ಕ ಹೆಸರನ್ನಿಟ್ಟರು.

ಈ ಎರಡು ಬಗೆಯ ಬೆಟ್ಟಗಳು ಒಂದೇ ಸೀಮೆಯಲ್ಲಿ ಹೇಗೆ ಬಂದವು? ಈ ಪ್ರಶ್ನೆಯನ್ನು ಹಿಡಿದು, ಮೋಟಾರು ಇಲ್ಲದ ಕಾಲದಲ್ಲಿ, ಕುದುರೆಯ ಮೇಲೆ ಮತ್ತು ಕಾಲ್ನಡಿಗೆಯಲ್ಲಿ ಬಳ್ಳಾರಿ ಜಿಲ್ಲೆಯನ್ನೆಲ್ಲ ಅಳೆದವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಅವರನ್ನು ಗೌರವಿಸುತ್ತಾರೆ. ಆದರೆ ಅವರು ತಿರುಗಾಡಿದ ದಾರಿಗಳ ಬದಿಯಲ್ಲಿ ಇಂದು ಬಾಳುತ್ತಿರುವ ನಮ್ಮಲ್ಲಿ ಅವರ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಫೂಟ್ ಅವರು ಇಂಗ್ಲೆಂಡಿನ ಚೆಲ್ಟನಮ್ ಎಂಬ ಊರಿನಲ್ಲಿ 1834ರಲ್ಲಿ ಹುಟ್ಟಿದರು. 1858ರ ಡಿಸೆಂಬರಿನಲ್ಲಿ ಭಾರತದ ಭೂಗರ್ಭ ಸರ್ವೆ ಇಲಾಖೆಗೆ ಸೇರಿ ಮದರಾಸು ಪ್ರಾಂತಕ್ಕೆ ನಿಯುಕ್ತರಾದರು. ಮುಂದಿನ ಮೂವತ್ತು ಮೂರು ವರ್ಷ ದಕ್ಷಿಣ ಭಾರತವೇ ಅವರ ಕರ್ಮಭೂಮಿ. ಇಲಾಖೆ ಅವರಿಂದ ಬಯಸಿದ್ದು ಬಂಡೆಗಳ ನಕ್ಷೆಯನ್ನು. ಆದರೆ ಬಂಡೆಯನ್ನು ನೋಡುವ ಕಣ್ಣು ಅದರ ಕೆಳಗೆ ಬಿದ್ದಿದ್ದ ಚಕ್ಕೆಯನ್ನೂ ಬಿಡಲಿಲ್ಲ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಗರಸು ತೆಗೆದ ಗುಂಡಿಯೊಂದರಲ್ಲಿ, ಮನುಷ್ಯನ ಕೈ ಕೆತ್ತಿದ ಕಲ್ಲೊಂದು ಅವರಿಗೆ ಸಿಕ್ಕಿತು. ಮನುಷ್ಯಕುಲ ಪುರಾಣಕಾಲಕ್ಕಿಂತಲೂ ಎಷ್ಟೋ ಹಳೆಯದೆಂಬ ಮಾತನ್ನು ಯೂರೋಪಿನ ಪಂಡಿತರು ಒಪ್ಪಿಕೊಂಡು ಆಗಿನ್ನೂ ನಾಲ್ಕೇ ವರ್ಷ. ಹಳೆಯ ಶಿಲಾಯುಗದ ಮಾನವ ಭಾರತದಲ್ಲಿಯೂ ಬಾಳಿದ್ದನೆಂಬುದಕ್ಕೆ ಆ ಕಲ್ಲು ಸಾಕ್ಷಿಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಅಂಥ ಕಲ್ಲುಗಳ ನಿಧಿಯೇ ದೊರಕಿತು.

ಆದರೂ ನಮ್ಮ ಸೀಮೆಗೆ ಅವರ ಮುಖ್ಯ ಋಣವಿರುವುದು ಬಂಡೆಗಳ ವಿಷಯದಲ್ಲಿ. ಗುಂಡುಗಲ್ಲಿನ ಹಳೆಯ ಗ್ರಾನೈಟ್ ನೆಲದ ನಡುವೆ ಅಲ್ಲಲ್ಲಿ ಮಡಿಚಿದ ಪಟ್ಟಿಗಳಂತೆ ಬೇರೊಂದು ಜಾತಿಯ ಕಲ್ಲುಗಳು ಸಾಗಿರುವುದನ್ನು ಅವರು ಗುರುತಿಸಿದರು. ಧಾರವಾಡದ ಹೆಸರಿನಿಂದ ಅವಕ್ಕೆ ಧಾರವಾಡ ಶ್ರೇಣಿಯೆಂದು ನಾಮಕರಣ ಮಾಡಿದರು. ಒಂದು ಪಟ್ಟಿ ಡಂಬಳದ ಕಡೆಯಿಂದ ಬಂದು, ತುಂಗಭದ್ರೆಯನ್ನು ದಾಟಿ, ಹಡಗಲಿ ಮತ್ತು ಹರಪನಹಳ್ಳಿಯ ಸೀಮೆಯನ್ನು ಹಾದು ಚಿಕ್ಕನಾಯಕನಹಳ್ಳಿಯ ಕಡೆಗೆ ಇಳಿಯುತ್ತದೆ. ಇನ್ನೊಂದು ಸಂಡೂರಿನ ಬೆಟ್ಟಗಳಾಗಿ ಎದ್ದು ನಿಂತಿದೆ. ದಕ್ಷಿಣ ಭಾರತದ ಚಿನ್ನ ಬಹುಮಟ್ಟಿಗೆ ಈ ಕಲ್ಲುಗಳಲ್ಲಿಯೇ ಅಡಗಿದೆಯೆಂದು ಅವರು 1888ರಲ್ಲಿ ಬರೆದರು. ಈ ಬಂಡೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚೆಂಬುದು ಇಂದು ತಿಳಿದಿದೆ. ಆ ಲೆಕ್ಕದ ಸಾಧನಗಳೊಂದೂ ಅವರ ಬಳಿ ಇರಲಿಲ್ಲ. ಇದ್ದುದು ಸುತ್ತಿಗೆ, ದಿಕ್ಸೂಚಿ, ಮತ್ತು ಅವಸರವಿಲ್ಲದ ನಡಿಗೆ.

ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತ ಅವರ ದೊಡ್ಡ ಗ್ರಂಥ 1895ರಲ್ಲಿ ಪ್ರಕಟವಾಯಿತು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರಿನ ಬೆಟ್ಟಗಳನ್ನು ಅವರು ಅದರಲ್ಲಿ ವಿಸ್ತಾರವಾಗಿ ವರ್ಣಿಸಿದರು. ಅಲ್ಲಿನ ಕಬ್ಬಿಣದ ಅದಿರಿನ ಸಮೃದ್ಧಿ ಅವರನ್ನು ಬೆರಗುಗೊಳಿಸಿತ್ತು. ಇದ್ದಿಲಿನ ಕುಲುಮೆಗಳಲ್ಲಿ ಅದಿರು ಕರಗಿಸುತ್ತಿದ್ದ ಹಳ್ಳಿಯ ಕಸುಬು, ಅಗ್ಗದ ವಿಲಾಯತಿ ಕಬ್ಬಿಣದ ಮುಂದೆ ನಿಲ್ಲಲಾರದೆ, ಆ ವೇಳೆಗೆ ಸೊರಗುತ್ತಿತ್ತು.

ಬಂಡೆಯ ಜೊತೆಗೇ ಮಾನವನ ಶೋಧವೂ ನಡೆದಿತ್ತು. ಬಳ್ಳಾರಿಯ ಬಳಿಯ ಕುಪ್ಪಗಲ್ಲು ಗುಡ್ಡದಲ್ಲಿ ಹೊಸ ಶಿಲಾಯುಗದವರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯನ್ನೇ ಅವರು ಕಂಡರು. ಇನ್ನು ಜಿಲ್ಲೆಯ ಬೂದಿದಿಬ್ಬಗಳ ಮಾತು. ಕುಡತಿನಿಯ ಬಳಿ ರಸ್ತೆಯ ಬದಿಯಲ್ಲಿಯೇ ಇಂಥದೊಂದು ದಿಬ್ಬವಿದೆ. ಅದು ಭೀಮನು ಕೊಂದ ರಾಕ್ಷಸನ ಚಿತೆಯ ಬೂದಿ ಎಂಬುದು ಜನರ ನಂಬಿಕೆ. ಯುದ್ಧಾನಂತರದ ಸಾಮೂಹಿಕ ದಹನದ ಗುರುತೆಂದು ಕೆಲವು ಇತಿಹಾಸಜ್ಞರು ಊಹಿಸಿದರು. ಫೂಟ್ ಅವರು ಮಾತ್ರ ದಿಬ್ಬದೊಳಗಿನ ಕಲ್ಲಿನ ಆಯುಧಗಳನ್ನೂ ಮಡಕೆಯ ಚೂರುಗಳನ್ನೂ ಬೂದಿಯನ್ನೂ ಪರೀಕ್ಷಿಸಿ, ಇದು ಹೊಸ ಶಿಲಾಯುಗದ ಪಶುಪಾಲಕರ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಯೆಂದರು. ರಾಕ್ಷಸನ ಚಿತೆಯ ಮುಂದೆ ಸಗಣಿಯ ಮಾತು ಸಪ್ಪೆಯೆನಿಸಿರಬೇಕು. ಅವರು ಕಾಲವಾಗಿ ಅರ್ಧ ಶತಮಾನ ಕಳೆದ ಮೇಲೆ, ಉತನೂರಿನ ಅಗೆತವನ್ನು ಆಧರಿಸಿ ರೇಮಂಡ್ ಆಲ್ಚಿನ್ ಅವರು 1963ರಲ್ಲಿ ಪ್ರಕಟಿಸಿದ ಗ್ರಂಥ ಆ ಸಪ್ಪೆ ಮಾತನ್ನೇ ಎತ್ತಿಹಿಡಿಯಿತು.

ಅವರ ಎಣಿಕೆಗಳೆಲ್ಲ ನಿಂತವೆಂದಲ್ಲ. ಹಳೆಯ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ಮನುಷ್ಯನಿಲ್ಲದ ದೀರ್ಘ ಅಂತರವಿತ್ತೆಂದು ಅವರು ಭಾವಿಸಿದ್ದರು. ಮಧ್ಯ ಶಿಲಾಯುಗದ ನೆಲೆಗಳು ದೊರೆತ ಮೇಲೆ ಆ ಭಾವನೆ ಬಿದ್ದುಹೋಯಿತು. ಅವರ ನೌಕರಿಯೂ ಪರದೇಶದ ಪ್ರಭುತ್ವದ್ದೇ, ನೆಲದ ಸಂಪತ್ತನ್ನು ಲೆಕ್ಕ ಹಾಕುವುದೇ ಆ ನೌಕರಿಯ ಉದ್ದೇಶ. ಬಂಡಿ ಹೊಡೆದು, ಡೇರೆ ಹೊತ್ತು, ಕಾಡಿನ ದಾರಿ ತೋರಿದ ನಮ್ಮ ಹಳ್ಳಿಗರ ಹೆಸರುಗಳು ಜನರ ನೆನಪಿನಲ್ಲಿ ಉಳಿಯಲಿಲ್ಲ. ಇಷ್ಟನ್ನೂ ಹೇಳಿಯೇ ಅವರನ್ನು ಗೌರವಿಸುವುದು ನ್ಯಾಯ.

1891ರಲ್ಲಿ ನಿವೃತ್ತರಾದ ಮೇಲೂ ಅವರ ಕಾಲುಗಳು ಸುಮ್ಮನಿರಲಿಲ್ಲ. ಬರೋಡಾ ಸಂಸ್ಥಾನಕ್ಕೆ ಭೂಗರ್ಭ ಶೋಧನೆ ಮಾಡಿಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನ ಭೂಗರ್ಭ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಬಳಿಕ ಸೇಲಂ ಬಳಿಯ ಏರ್ಕಾಡಿನ ಬೆಟ್ಟದಲ್ಲಿ ನೆಲೆಸಿ, ನಾಲ್ಕು ದಶಕಗಳಲ್ಲಿ ಆಯ್ದ ಸಾವಿರಾರು ಕಲ್ಲುಗಳನ್ನು ವಿಂಗಡಿಸುತ್ತ ಕುಳಿತರು. ಆ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತದಲ್ಲಿ ತೀರಿಕೊಂಡರು. ಚಿತಾಭಸ್ಮ ಏರ್ಕಾಡಿನ ಇಗರ್ಜಿಯ ಅಂಗಳವನ್ನು ಸೇರಿತು. ಬೂದಿದಿಬ್ಬಗಳ ಒಗಟನ್ನು ಬಿಡಿಸಿದವರು ತಾವೂ ಒಂದು ಹಿಡಿ ಬೂದಿಯಾಗಿ ಬೆಟ್ಟದ ಮಡಿಲಲ್ಲಿ ಮಲಗಿದರು. ಸಂಗ್ರಹದ ಪಟ್ಟಿಯೂ ಟಿಪ್ಪಣಿಯೂ ಅಚ್ಚಾಗಿ ಬಂದದ್ದು 1914 ಮತ್ತು 1916ರಲ್ಲಿ, ಅವರ ಕಣ್ಣು ಮುಚ್ಚಿದ ಮೇಲೆ.

ಅವರು ಬೆರಗಾಗಿ ಹೊಗಳಿದ ಅದಿರಿನ ಮುಂದಿನ ಕಥೆ ನಮ್ಮ ಕಾಲದ್ದು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಆ ಬೆಟ್ಟಗಳ ನೆತ್ತಿಗಳು ಕರಗಿ ಲಾರಿಗಳನ್ನೇರಿದವು. ಹಳ್ಳದ ನೀರು ಕೆಂಪಾಯಿತು, ರಸ್ತೆ ಬದಿಯ ಮರಗಳೂ ಕೆಂಧೂಳಿ ಹೊದ್ದವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿಯಬೇಕಾಯಿತು; ಅನಂತರ ಅದು ಮಿತಿಗಳಿಗೆ ಒಳಪಟ್ಟು ಮತ್ತೆ ನಡೆಯಿತು. ಇದಕ್ಕೆ ನಕ್ಷೆ ಬರೆದವರನ್ನು ದೂರಲಾಗದು. ಒಂದೇ ಬೆಟ್ಟವನ್ನು ಓದಿನ ಪುಸ್ತಕವೆಂದೂ ನೋಡಬಹುದು, ಉಗ್ರಾಣವೆಂದೂ ನೋಡಬಹುದು. ಫೂಟ್ ಅವರ ಗ್ರಂಥದಲ್ಲಿ ಎರಡು ನೋಟಗಳೂ ಇದ್ದವು. ಅವುಗಳಲ್ಲಿ ಒಂದನ್ನು ಮಾತ್ರ ನಾವು ಬಲು ಬೇಗ ಕಲಿತೆವು.

ಇನ್ನೊಂದನ್ನು ಕಲಿಯಲು ಹೊತ್ತು ಮೀರಿಲ್ಲ. ಕುದುರೆಯ ನಡೆಗೂ ಬೈಸಿಕಲ್ಲಿನ ಓಟಕ್ಕೂ ಅಂತರ ಬಹಳವಿಲ್ಲ. ಏರಿನಲ್ಲಂತೂ ಇಳಿದು ತಳ್ಳಲೇಬೇಕು, ಆಗ ಕಣ್ಣು ತಾನಾಗಿಯೇ ನೆಲದ ಕಡೆ ಹೋಗುತ್ತದೆ. ಕೊಟ್ಟೂರಿನಿಂದಲೋ ಹಗರಿಬೊಮ್ಮನಹಳ್ಳಿಯಿಂದಲೋ ಹೊರಟ ನಮ್ಮ ವಿದ್ಯಾರ್ಥಿಗಳು ಕೂಡ್ಲಿಗಿಯ ಗುಂಡುಗಲ್ಲುಗಳನ್ನು ಹಾದು ಸಂಡೂರಿನ ಕೆಂಪುನೆಲವನ್ನು ಮುಟ್ಟಿದಾಗ, ಬಣ್ಣ ಬದಲಾಗುವ ಆ ಗೆರೆಯಲ್ಲಿ ಒಂದು ಗಳಿಗೆ ನಿಲ್ಲಲಿ. ನೂರು ವರ್ಷಕ್ಕೂ ಹಿಂದೆ ಕುದುರೆಯಿಂದಿಳಿದ ಗಡ್ಡದ ಹಿರಿಯರೊಬ್ಬರು ಅಂಥ ಗೆರೆಗಳನ್ನು ಹುಡುಕುತ್ತಲೇ ತಮ್ಮ ಆಯುಷ್ಯವನ್ನು ಸವೆಸಿದ್ದರು.