ಉಷ್ಣತೆಗೆ ಕಡಿವಾಣ ಹಾಕಿದ ಅಧ್ಯಾಪಕ

ಇಸ್ತ್ರಿಪೆಟ್ಟಿಗೆಯೂ ಫ್ರಿಜ್ಜೂ ಹದ ನೋಡಿ ತಾವೇ ನಿಲ್ಲುವುದನ್ನು ನಾವು ದಿನವೂ ಕಾಣುತ್ತೇವೆ. ಇಂಥ ನಿಯಂತ್ರಣವನ್ನು ಕೋಣೆಯ ಗೋಡೆಗೆ ತಂದವರಲ್ಲಿ ಪ್ರಮುಖರು ಒಬ್ಬ ಅಧ್ಯಾಪಕರು, ವಾರೆನ್ ಜಾನ್ಸನ್.

1847ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಜನಿಸಿದ ಇವರು ಮುದ್ರಣ, ಭೂಮಾಪನ ಮುಂತಾದ ಕೆಲಸಗಳನ್ನು ಮಾಡಿ, ಮುಂದೆ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪ್ರಾಧ್ಯಾಪಕರಾದರು. ಅದು ಹಿಮ ಬೀಳುವ ಸೀಮೆ. ತರಗತಿಗಳಿಗೆ ನೆಲಮನೆಯ ಕುಲುಮೆಯಿಂದ ಬಿಸಿ ಬರಬೇಕು. ಜವಾನನು ಆಗಾಗ ತರಗತಿಗೆ ಬಂದು ಉಷ್ಣಮಾಪಕ ನೋಡಿ, ಕೆಳಗಿಳಿದು ಬಿಸಿಯನ್ನು ಹೆಚ್ಚುಕಡಿಮೆ ಮಾಡುತ್ತಿದ್ದನು. ಪಾಠ ಕೆಡುತ್ತಿತ್ತು. ಜಾನ್ಸನರು ಕೋಣೆಯ ಉಷ್ಣತೆ ಬದಲಾದಾಗ ವಿದ್ಯುತ್ತಿನ ಮೂಲಕ ಕೆಳಗೆ ಗಂಟೆ ಬಾರಿಸುವ ಉಪಕರಣವನ್ನು ರಚಿಸಿ, 1883ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. 1885ರಲ್ಲಿ ಮಿಲ್ವಾಕಿಯಲ್ಲಿ ಕಂಪೆನಿ ಸ್ಥಾಪಿಸಿದರು. ಮುಂದೆ ಕೋಣೆಕೋಣೆಗೂ ಬೇರೆ ಉಷ್ಣತೆ ಕಾಯುವ ವ್ಯವಸ್ಥೆಯನ್ನೂ ರೂಪಿಸಿ, 1911ರಲ್ಲಿ ನಿಧನ ಹೊಂದಿದರು.

ಯಂತ್ರವು ಕ್ಷಣಕ್ಷಣಕ್ಕೆ ಹೊತ್ತಿ ಆರಿದರೆ ಸವೆಯುತ್ತದೆ, ಇಂಧನವೂ ಹಾಳು. ಅದಕ್ಕಾಗಿಯೇ ಹೊತ್ತುವ ಮತ್ತು ಆರುವ ಅಂಕಗಳ ನಡುವೆ ತುಸು ಅಂತರವಿಡುತ್ತಾರೆ. ನಮ್ಮ ದೇಶದಲ್ಲಿ 2020ರಿಂದ ಸ್ಟಾರ್ ಗುರುತಿನ ಎ.ಸಿ.ಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಕೊಡಬೇಕೆಂಬ ನಿಯಮವಿದೆ. ಸೆಕೆಯೆಂದು ಗಳಿಗೆಗೊಮ್ಮೆ ಗುಂಡಿ ಒತ್ತುವ ನಾವು, ಜಾನ್ಸನರು ತಪ್ಪಿಸಿದ ಜವಾನನ ಓಡಾಟವನ್ನೇ ಮತ್ತೆ ಹೊತ್ತುಕೊಂಡಂತೆ. ಹದ ಇಟ್ಟು ಸುಮ್ಮನಿರುವುದೇ ಲೇಸು.